ನಿಮ್ಮ ಇಮೇಲ್ ಯಾರ ಕೈಯಲ್ಲಿದೆ? ಮೋಸದ ಇಮೇಲ್ ಮತ್ತು ಬೇಡದ ಸಂದೇಶಗಳಿಂದ ಪಾರಾಗಲು ಕಲಬುರಗಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಬಹಳಷ್ಟು ಜನರ ಇಮೇಲ್ ಖಾತೆ ಹುಟ್ಟಿದ್ದು ಯಾವುದೋ ಆನ್‌ಲೈನ್ ಸೆಂಟರಿನ ಕೌಂಟರಿನಲ್ಲಿ. ವಿದ್ಯಾರ್ಥಿವೇತನದ ಅರ್ಜಿಗೋ, ಪೊಲೀಸ್ ನೇಮಕಾತಿಗೋ, ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಪ್ರಮಾಣಪತ್ರ ಹಚ್ಚಿ ಹಾಕುವ ಸರ್ಕಾರಿ ಹುದ್ದೆಯ ಅರ್ಜಿಗೋ 'ಇಮೇಲ್ ಐಡಿ' ಎಂಬ ಕಲಂ ತುಂಬಬೇಕಾಗಿ ಬಂದಾಗ ಅಂಗಡಿಯ ಹುಡುಗ ಎರಡೇ ನಿಮಿಷದಲ್ಲಿ ಒಂದು ಖಾತೆ ತೆರೆದು ಕೊಟ್ಟಿರುತ್ತಾನೆ. ಪಾಸ್‌ವರ್ಡ್ ಅವನೇ ಇಟ್ಟದ್ದು: ನಿಮ್ಮ ಹೆಸರು, ಅದರ ಮುಂದೆ 123. ಎಷ್ಟೋ ಸಲ ಖಾತೆಗೆ ಜೋಡಿಸಿದ ಫೋನ್ ನಂಬರೂ ಅಂಗಡಿಯದೇ. ಅವನು ಕೆಟ್ಟವನೆಂದಲ್ಲ. ಸರದಿಯಲ್ಲಿ ಇಪ್ಪತ್ತು ಜನ ನಿಂತಿರುವಾಗ ಅವನಿಗೆ ಬೇರೆ ದಾರಿ ಇರುವುದಿಲ್ಲ. ಆದರೆ ಆ ಖಾತೆ ಇಂದಿಗೂ ಪೂರ್ತಿಯಾಗಿ ನಿಮ್ಮದಾಗಿಲ್ಲ.

"ನಾನು ಇಮೇಲ್ ನೋಡುವುದೇ ಇಲ್ಲ, ನನಗೇನು ಮೋಸ?" ಎಂದು ಕೇಳುವವರೇ ಹೆಚ್ಚು. ನೋಡದಿರುವುದೇ ಅಪಾಯ. ಅದೇ ಇಮೇಲ್ ಹಾಕಿ ಫೋನ್ ಶುರು ಮಾಡಿರುತ್ತೀರಿ. ಫೋಟೊಗಳು, ಪರಿಚಿತರ ನಂಬರುಗಳು ಅಲ್ಲಿ ಸೇರುತ್ತಿರುತ್ತವೆ. ಬ್ಯಾಂಕಿನ ಖಾತೆ ವಿವರ, ವಿಮೆಯ ಪಾಲಿಸಿ, ಆದಾಯ ತೆರಿಗೆಯ ನೋಟಿಸು ಅಲ್ಲಿಗೇ ಬರುತ್ತವೆ. ಯಾವುದೇ ಜಾಲತಾಣದಲ್ಲಿ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದರೆ ಹೊಸ ಪಾಸ್‌ವರ್ಡ್ ಇಡುವ ಲಿಂಕ್ ಹೋಗುವುದೂ ಅಲ್ಲಿಗೇ. ಇಮೇಲ್ ಯಾರ ಕೈಯಲ್ಲಿದೆಯೋ ಉಳಿದ ಖಾತೆಗಳೂ ಒಂದೊಂದಾಗಿ ಅವರ ಕೈಗೆ ಹೋಗಬಲ್ಲವು. ಆದ್ದರಿಂದ ಮೋಸದ ಇಮೇಲ್ ಗುರುತಿಸುವ ವಿದ್ಯೆಗೂ ಮೊದಲು ಖಾತೆಯನ್ನು ನಿಮ್ಮ ಕೈಗೆ ತೆಗೆದುಕೊಳ್ಳುವ ಕೆಲಸ ಆಗಬೇಕು. ಇಲ್ಲಿ ಜಿಮೇಲನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ, ನಮ್ಮ ಕಡೆ ಹೆಚ್ಚಿನವರ ಬಳಿ ಇರುವುದು ಅದೇ.

ಹೆಜ್ಜೆ 1: ಖಾತೆ ನಿಮ್ಮ ಹೆಸರಿಗಷ್ಟೇ ಸಾಲದು, ಕೈಗೂ ಬರಲಿ

ಪಾಸ್‌ವರ್ಡ್ ನೆನಪಿಲ್ಲದಿದ್ದರೆ ಮೊದಲು ಗೂಗಲ್‌ನ ಖಾತೆ ಮರಳಿ ಪಡೆಯುವ ಪುಟಕ್ಕೆ ಹೋಗಿ. ಈ ಕೆಲಸವನ್ನು ಆ ಖಾತೆ ಈಗಾಗಲೇ ಇರುವ ಫೋನಿನಲ್ಲಿ, ಸಾಮಾನ್ಯವಾಗಿ ಬಳಸುವ ಊರಿನಲ್ಲಿ, ಬಳಸುವ ಇಂಟರ್ನೆಟ್ಟಿನಲ್ಲೇ ಮಾಡಿ. ಯಾದಗಿರಿಯಲ್ಲಿ ಬಳಸುತ್ತಿದ್ದ ಖಾತೆಯನ್ನು ಪುಣೆಯಲ್ಲಿ ಗೆಳೆಯನ ಹೊಸ ಫೋನಿನಿಂದ ಮರಳಿ ಪಡೆಯಲು ಹೊರಟರೆ ಗೂಗಲ್ ಅನುಮಾನ ಪಡುತ್ತದೆ, ಪಡಬೇಕಾದದ್ದೇ. ಕೋಡ್ ಅಂಗಡಿಯ ನಂಬರಿಗೆ ಹೋಗುತ್ತಿದ್ದರೆ ಸಂಕೋಚ ಬಿಟ್ಟು ಆ ಅಂಗಡಿಗೇ ಹೋಗಿ ಎದುರಿಗೆ ನಿಂತು ಕೋಡ್ ಪಡೆಯಿರಿ.

ಒಳಗೆ ಹೋದ ಮೇಲೆ ಮಾಡಬೇಕಾದದ್ದು ಇಷ್ಟು. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಗೂಗಲ್' ತೆರೆದು, ನಿಮ್ಮ ಖಾತೆಯ ನಿರ್ವಹಣೆಗೆ ಹೋಗಿ, 'ಸೆಕ್ಯುರಿಟಿ' ವಿಭಾಗ ನೋಡಿ. ಅಲ್ಲಿ ಮೊದಲು ಪಾಸ್‌ವರ್ಡ್ ಬದಲಿಸಿ. ಹೆಸರು, ಹುಟ್ಟಿದ ವರ್ಷ, ಮನೆದೇವರ ಹೆಸರು ಬೇಡ. ಶರಣಬಸವೇಶ್ವರರ ಹೆಸರಿನ ಮುಂದೆ ಒಂದು ಅಂಕಿ ಇಟ್ಟ ಪಾಸ್‌ವರ್ಡನ್ನು ಕಲಬುರಗಿಯಲ್ಲಿ ಯಾರು ಬೇಕಾದರೂ ಊಹಿಸಬಲ್ಲರು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಬರೆದರೆ ನೆನಪಿಡುವುದು ಸುಲಭ, ಮುರಿಯುವುದು ಕಷ್ಟ. ಈ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ. ಯಾವುದೋ ಸಣ್ಣ ಶಾಪಿಂಗ್ ತಾಣದ ಮಾಹಿತಿ ಸೋರಿಕೆಯಾದಾಗ ಕಳ್ಳರು ಮೊದಲು ಮಾಡುವ ಕೆಲಸವೇ ಅಲ್ಲಿ ಸಿಕ್ಕ ಪಾಸ್‌ವರ್ಡನ್ನು ಇಮೇಲಿಗೆ ಹಾಕಿ ನೋಡುವುದು.

ಆಮೇಲೆ 'ರಿಕವರಿ ಫೋನ್' ಮತ್ತು 'ರಿಕವರಿ ಇಮೇಲ್' ಎರಡನ್ನೂ ನೋಡಿ. ಅಂಗಡಿಯ ನಂಬರ್, ಬಿಟ್ಟುಹೋದ ಹಳೆಯ ಸಿಮ್, ಊರು ಬಿಟ್ಟ ಗೆಳೆಯನ ನಂಬರ್ ಇದ್ದರೆ ತೆಗೆದು ನಿಮ್ಮದನ್ನು ಹಾಕಿ. ನಂಬರ್ ಬದಲಿಸಿದ ಮೇಲೂ 7 ದಿನಗಳವರೆಗೆ ಗೂಗಲ್ ಹಳೆಯ ನಂಬರಿಗೇ ಕೋಡ್ ಕಳುಹಿಸುವ ಅವಕಾಶ ಇಟ್ಟಿರಬಹುದು. ಕಳ್ಳನೇ ನಂಬರ್ ಬದಲಿಸಿದ್ದರೆ ನಿಜವಾದ ಮಾಲೀಕನಿಗೆ ಅನುಕೂಲವಾಗಲಿ ಎಂದು ಆ ಏರ್ಪಾಡು. ಆದ್ದರಿಂದ ಆ ವಾರ ಒಂದು ಕಣ್ಣಿಟ್ಟಿರಿ.

ಅದೇ ವಿಭಾಗದಲ್ಲಿ 'ಯುವರ್ ಡಿವೈಸಸ್' ಎಂಬ ಪಟ್ಟಿಯಿದೆ. ನಿಮ್ಮ ಖಾತೆ ಯಾವ ಯಾವ ಫೋನು, ಕಂಪ್ಯೂಟರುಗಳಲ್ಲಿ ತೆರೆದೇ ಇದೆ ಎಂಬುದನ್ನು ಅದು ತೋರಿಸುತ್ತದೆ. ಮಾರಿಬಿಟ್ಟ ಹಳೆಯ ಫೋನು, ಕಾಲೇಜಿನ ಲ್ಯಾಬಿನ ಕಂಪ್ಯೂಟರು, ಜೆರಾಕ್ಸ್ ಅಂಗಡಿಯ ಕಂಪ್ಯೂಟರು, ಎಲ್ಲವೂ ಅಲ್ಲಿ ಸಾಲಾಗಿ ಕುಳಿತಿರುವುದನ್ನು ನೋಡಿ ಜನ ಬೆಚ್ಚಿಬೀಳುತ್ತಾರೆ. ಗುರುತಿಲ್ಲದ ಪ್ರತಿಯೊಂದರ ಮೇಲೆ ಒತ್ತಿ ಸೈನ್ ಔಟ್ ಮಾಡಿ.

ಕೊನೆಗೆ ಎರಡು ಹಂತದ ಪರಿಶೀಲನೆ, ಅಂದರೆ '2-ಸ್ಟೆಪ್ ವೆರಿಫಿಕೇಷನ್', ಚಾಲೂ ಮಾಡಿ. ಪಾಸ್‌ವರ್ಡ್ ಗೊತ್ತಾದರೂ ನಿಮ್ಮ ಫೋನಿನ ಒಪ್ಪಿಗೆ ಇಲ್ಲದೆ ಹೊಸ ಜಾಗದಿಂದ ಯಾರೂ ಒಳಹೋಗದಂತೆ ಇದು ತಡೆಯುತ್ತದೆ. ಇದರ ಜೊತೆಗೆ ಹತ್ತು ಬ್ಯಾಕಪ್ ಕೋಡ್‌ಗಳನ್ನೂ ಪಡೆಯಬಹುದು, ಒಂದೊಂದೂ ಎಂಟಂಕಿಯದು, ಒಂದೊಂದೂ ಒಂದೇ ಸಲಕ್ಕೆ. ಅವನ್ನು ಕಾಗದದ ಮೇಲೆ ಬರೆದು ಅಂಕಪಟ್ಟಿ, ಪಹಣಿ ಇಡುವ ಟ್ರಂಕಿನಲ್ಲಿಡಿ. ಫೋನಿನಲ್ಲೇ ಫೋಟೊ ತೆಗೆದಿಟ್ಟರೆ ಫೋನ್ ಕಳೆದ ದಿನ ಕೋಡೂ ಹೋಗುತ್ತದೆ.

ಇನ್ನೊಂದು ವಿಷಯ ಅರ್ಜಿ ಹಾಕುವವರಿಗೆ ಮುಖ್ಯ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ನೇಮಕಾತಿ ಪ್ರಕ್ರಿಯೆಗಳು ವರ್ಷಗಟ್ಟಲೆ ಎಳೆಯುವ ನಮ್ಮಲ್ಲಿ, ಅರ್ಜಿಯಲ್ಲಿ ಕೊಟ್ಟ ಇಮೇಲನ್ನು ಆಗಾಗ ತೆರೆದು ನೋಡದಿದ್ದರೆ ಪ್ರವೇಶಪತ್ರ ಬರುವ ಹೊತ್ತಿಗೆ ಖಾತೆಯೇ ಇಲ್ಲದಿರಬಹುದು.

ಹೆಜ್ಜೆ 2: ಕಳುಹಿಸಿದವರ ವಿಳಾಸವನ್ನು ಬಲಗಡೆಯಿಂದ ಓದಿ

ಇಮೇಲಿನಲ್ಲಿ ಮೊದಲು ಕಾಣುವ ಹೆಸರಿಗೆ ಕವಡೆ ಕಾಸಿನ ಬೆಲೆಯೂ ಇಲ್ಲ. 'ಆದಾಯ ತೆರಿಗೆ ಇಲಾಖೆ' ಎಂದೋ ನಿಮ್ಮ ಬ್ಯಾಂಕಿನ ಹೆಸರೆಂದೋ ಯಾರು ಬೇಕಾದರೂ ಬರೆದುಕೊಳ್ಳಬಹುದು. ಜಿಮೇಲ್ ಆ್ಯಪಿನಲ್ಲಿ ಹೆಸರಿನ ಕೆಳಗೆ 'ಟು ಮಿ' ಎಂದಿರುವ ಜಾಗದ ಪಕ್ಕದ ಸಣ್ಣ ಬಾಣವನ್ನು ಒತ್ತಿದರೆ ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತದೆ. ಲಿಂಕ್ ಇದ್ದರೆ ಒತ್ತಬೇಡಿ, ಬೆರಳನ್ನು ಅದರ ಮೇಲೆ ಇಟ್ಟು ಹಿಡಿಯಿರಿ. ಅದು ನಿಜವಾಗಿ ಎಲ್ಲಿಗೆ ಹೋಗುತ್ತದೆ ಎಂಬುದು ಕಾಣುತ್ತದೆ.

ಈಗ ಆ ವಿಳಾಸವನ್ನು ಕಾಗದದ ಪತ್ರದ ವಿಳಾಸ ಓದುವಂತೆ ಓದಿ. ಓಣಿಯ ಹೆಸರು 'ಮುಂಬೈ ಓಣಿ' ಎಂದೇ ಇರಲಿ, ಕೊನೆಯ ಸಾಲಿನಲ್ಲಿ 'ಜಿಲ್ಲೆ ಬೀದರ್' ಎಂದಿದ್ದರೆ ಪತ್ರ ಹೋಗುವುದು ಬೀದರಿಗೆ. ಅಂತರ್ಜಾಲದ ವಿಳಾಸದಲ್ಲೂ ಆರಂಭದ 'https://' ಬಿಟ್ಟು, ಆಮೇಲಿನ ಮೊದಲನೆಯ ಓರೆಗೆರೆಗಿಂತ (/) ಮುಂಚೆ ಬರುವ ಕೊನೆಯ ಭಾಗವೇ ನಿಜವಾದ ಮಾಲೀಕನನ್ನು ಹೇಳುತ್ತದೆ. 'ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್' ಎಂದು ಮುಗಿದರೆ ಅದು ಇಲಾಖೆಯದು. ಆದರೆ 'ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್' ಆದ ಮೇಲೂ ನಿಲ್ಲದೆ ಇನ್ನೊಂದು ಚುಕ್ಕೆ, ಇನ್ನೊಂದು ಹೆಸರು, ಕೊನೆಗೆ 'ಡಾಟ್ ಕಾಮ್' ಎಂದು ಬಂದರೆ ಅದಕ್ಕಿಂತ ಮೊದಲು ಬಂದದ್ದೆಲ್ಲ ಬರೀ ಅಲಂಕಾರ, ಮಾಲೀಕ ಆ ಕೊನೆಯ ಹೆಸರಿನವನು. ಅಕ್ಷರಗಳನ್ನೂ ಹತ್ತಿರದಿಂದ ನೋಡಿ. ಇಂಗ್ಲಿಷಿನ ಸಣ್ಣ 'ಆರ್' ಮತ್ತು 'ಎನ್' ಅಂಟಿಕೊಂಡು ನಿಂತರೆ ಫೋನಿನ ಪರದೆಯಲ್ಲಿ 'ಎಮ್' ಎಂದೇ ಕಾಣುತ್ತದೆ. ಸಣ್ಣ 'ಎಲ್' ಜಾಗದಲ್ಲಿ ಒಂದು ಎಂಬ ಅಂಕಿ, 'ಓ' ಜಾಗದಲ್ಲಿ ಸೊನ್ನೆ, ಇವೂ ಹಳೆಯ ಆಟಗಳೇ.

ಬ್ಯಾಂಕುಗಳ ವಿಷಯದಲ್ಲಿ ಈಗ ಒಂದು ಅನುಕೂಲವಾಗಿದೆ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಆ ವಿಳಾಸ ಸಿಗುವುದಿಲ್ಲ. ಸ್ಟೇಟ್ ಬ್ಯಾಂಕಿನದು 'ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್'. ಪಾಸ್‌ವರ್ಡ್ ಹಾಕುವ ಮುನ್ನ ವಿಳಾಸದ ಆ ಬಾಲವನ್ನು ನೋಡಿ. ಇನ್ನೂ ಒಳ್ಳೆಯ ಅಭ್ಯಾಸವೆಂದರೆ ಇಮೇಲಿನ ಲಿಂಕಿನಿಂದ ಬ್ಯಾಂಕಿಗೆ ಹೋಗುವುದನ್ನೇ ಬಿಟ್ಟು, ಬ್ಯಾಂಕಿನ ಆ್ಯಪ್ ತೆರೆದು ನೋಡುವುದು. ನಿಜವಾದ ತೊಂದರೆ ಇದ್ದರೆ ಅದು ಆ್ಯಪಿನಲ್ಲೂ ಕಾಣುತ್ತದೆ.

ಹೆಜ್ಜೆ 3: ನಮ್ಮ ಕಡೆಯವರನ್ನು ಹುಡುಕಿಕೊಂಡು ಬರುವ ಮೋಸಗಳು

ತಪ್ಪು ಇಂಗ್ಲಿಷ್ ಇದ್ದರೆ ಮೋಸ ಎಂಬ ಹಳೆಯ ಪಾಠವನ್ನು ಮರೆತುಬಿಡಿ. ಕೃತಕ ಬುದ್ಧಿಮತ್ತೆ ಬಂದ ಮೇಲೆ ಕಳ್ಳರ ಇಂಗ್ಲಿಷು ನಮ್ಮ ಕಚೇರಿಗಳ ಇಂಗ್ಲಿಷಿಗಿಂತ ಚೆನ್ನಾಗಿದೆ, ಕನ್ನಡವೂ ಸುಧಾರಿಸುತ್ತಿದೆ. ನೋಡಬೇಕಾದದ್ದು ಆ ಇಮೇಲ್ ನಿಮ್ಮಿಂದ ಏನು ಮಾಡಿಸಲು ಹೊರಟಿದೆ ಎಂಬುದನ್ನು. ಅವಸರ ಮಾಡುತ್ತಿದೆಯೇ, ಗುಟ್ಟಾಗಿಡಲು ಹೇಳುತ್ತಿದೆಯೇ, ಹಣ ಅಥವಾ ಪಾಸ್‌ವರ್ಡ್ ಕೇಳುತ್ತಿದೆಯೇ? ಮೂರರಲ್ಲಿ ಒಂದಿದ್ದರೂ ಫೋನ್ ಕೆಳಗಿಡಿ.

ಬೀದರಿನ ಬಿದರಿ ಕಲೆಯ ಅಂಗಡಿಗೆ ಬರಬಹುದಾದ ಒಂದು ಇಮೇಲನ್ನು ಬಿಡಿಸಿ ನೋಡೋಣ. ಕನ್ನಡದಲ್ಲಿ ಅದು ಹೀಗಿರುತ್ತದೆ: "ನಮಸ್ಕಾರ. ನಿಮ್ಮ ಕೆಲಸವನ್ನು ಅಂತರ್ಜಾಲದಲ್ಲಿ ನೋಡಿ ನನ್ನ ಪತ್ನಿ ಬಹಳ ಮೆಚ್ಚಿದ್ದಾಳೆ. ಅವಳ ಹುಟ್ಟುಹಬ್ಬಕ್ಕೆ ನಿಮ್ಮ ಕೆಲವು ವಸ್ತುಗಳನ್ನು ತಕ್ಷಣ ಕೊಳ್ಳಬೇಕೆಂದಿದ್ದೇನೆ. ನಾನು ಹಡಗಿನಲ್ಲಿ ಕೆಲಸ ಮಾಡುವುದರಿಂದ ಫೋನ್ ಸಿಗುವುದಿಲ್ಲ. ನನ್ನ ಕೊರಿಯರ್ ಏಜೆಂಟ್ ಬಂದು ಒಯ್ಯುತ್ತಾರೆ. ಅವರ ಶುಲ್ಕವನ್ನೂ ಸೇರಿಸಿ ನಿಮಗೇ ಹಣ ಕಳುಹಿಸುತ್ತೇನೆ, ನೀವು ಅವರಿಗೆ ಕೊಟ್ಟುಬಿಡಿ."

ಇದರಲ್ಲಿ 'ಬಿದರಿ' ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಿ. ಇದೇ ಇಮೇಲ್ ಜೈಪುರದ ಚಿತ್ರಕಾರನಿಗೂ ಚನ್ನಪಟ್ಟಣದ ಗೊಂಬೆಯವನಿಗೂ ಹೋಗಿರುತ್ತದೆ. ನಿಜವಾದ ಗಿರಾಕಿ ಹೂದಾನಿಯೋ ಸುರಾಹಿಯೋ ಎಂದು ಕೇಳುತ್ತಾನೆ, ಬೆಳ್ಳಿಯ ತಂತಿಯ ಕೆಲಸವೋ ತಗಡಿನ ಕೆಲಸವೋ ಎಂದು ಕೇಳುತ್ತಾನೆ, ಕಪ್ಪು ಮಾಸಿದರೆ ಏನು ಮಾಡಬೇಕೆಂದು ಕೇಳುತ್ತಾನೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಲೆಯಲ್ಲಿ ಚೌಕಾಸಿ ಮಾಡುತ್ತಾನೆ. ಇವನು ಬೆಲೆಯನ್ನೇ ಕೇಳಲಿಲ್ಲ. ಮೋಸದ ಗಂಟು ಇರುವುದು ಕೊನೆಯ ಎರಡು ವಾಕ್ಯಗಳಲ್ಲಿ. ಮುಂದೆ 'ಹಣ ಜಮಾ ಆಗಿದೆ' ಎಂಬ ಖೊಟ್ಟಿ ಇಮೇಲ್ ಬರುತ್ತದೆ, ಅಥವಾ ಕದ್ದ ಕಾರ್ಡಿನಿಂದ ಹಣವೇ ಬರುತ್ತದೆ. ನೀವು 'ಕೊರಿಯರ್ ಏಜೆಂಟ'ನಿಗೆ ನಿಮ್ಮ ನಿಜವಾದ ಹಣ ಕಳುಹಿಸುತ್ತೀರಿ. ಕೆಲವು ದಿನಗಳ ನಂತರ ಮೊದಲನೆಯ ಪಾವತಿ ರದ್ದಾಗುತ್ತದೆ. ಇದಕ್ಕೆ ಮದ್ದು ಒಂದೇ: ಹಣ ನಿಮ್ಮ ಖಾತೆಗೆ ಬಂದಿದೆಯೇ ಎಂಬುದನ್ನು ಬ್ಯಾಂಕಿನಲ್ಲೇ ನೋಡಿ, ಮತ್ತು ಗಿರಾಕಿ ಹೆಚ್ಚಾಗಿ ಕೊಟ್ಟ ಹಣವನ್ನು ಮೂರನೆಯವರಿಗೆ ಎಂದೂ ವರ್ಗಾಯಿಸಬೇಡಿ. ಯುಪಿಐ ಬಳಸುವವರು ಇದನ್ನೂ ನೆನಪಿಡಿ: ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ.

ಕಲಬುರಗಿಯ ದಾಲ್ ಮಿಲ್‌ಗಳಿಗೆ, ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳಿಗೆ ಬರುವ ಅಪಾಯ ಇದಕ್ಕಿಂತ ದೊಡ್ಡದು, ಯಾಕೆಂದರೆ ಅಲ್ಲಿ ಒಂದೊಂದು ಬಿಲ್ಲೂ ಲಕ್ಷಗಳಲ್ಲಿ ಇರುತ್ತದೆ. ಕಳ್ಳ ಮಾರುವವರು, ಕೊಳ್ಳುವವರು ಇಬ್ಬರಲ್ಲಿ ಒಬ್ಬರ ಇಮೇಲಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತಾನೆ. ವಾರಗಟ್ಟಲೆ ಸುಮ್ಮನೆ ಓದುತ್ತಾನೆ. ಯಾರು ಯಾರಿಗೆ ಬೇಳೆ ಕೊಡುತ್ತಾರೆ, ಮೊಜಾಂಬಿಕ್ ಅಥವಾ ಮ್ಯಾನ್ಮಾರಿನಿಂದ ತೊಗರಿ ತರಿಸುವವರು ಯಾರಿಗೆ ಮುಂಗಡ ಕಳುಹಿಸುತ್ತಾರೆ, ಬಿಲ್ಲಿನ ನಮೂನೆ ಹೇಗಿದೆ, ಎಲ್ಲವೂ ಅವನಿಗೆ ಗೊತ್ತಾಗುತ್ತದೆ. ಸರಿಯಾಗಿ ಹಣ ಕೊಡುವ ದಿನಕ್ಕೆ ಅದೇ ಮಾತುಕತೆಯ ಮುಂದುವರಿಕೆಯಾಗಿ ಒಂದು ಇಮೇಲ್ ಬರುತ್ತದೆ: "ಲೆಕ್ಕಪರಿಶೋಧನೆ ನಡೆಯುತ್ತಿರುವುದರಿಂದ ಹಳೆಯ ಖಾತೆಗೆ ಹಣ ಹಾಕಬೇಡಿ, ಹೊಸ ಖಾತೆಯ ವಿವರ ಲಗತ್ತಿಸಿದೆ." ಬಿಲ್ಲು ನಿಜವಾದದ್ದೇ, ಮೊತ್ತ ನಿಜವಾದದ್ದೇ, ಸುಳ್ಳಾಗಿರುವುದು ಖಾತೆ ಸಂಖ್ಯೆ ಮಾತ್ರ. ಅನುಭವಿ ಗುಮಾಸ್ತರೂ ಏಮಾರುವುದು ಇಲ್ಲೇ.

ಖಾತೆ ಬದಲಾಗಿದೆ ಎಂಬ ಇಮೇಲ್ ಬಂದರೆ ಅದಕ್ಕೆ ಉತ್ತರಿಸಬೇಡಿ, ಅದರಲ್ಲಿರುವ ನಂಬರಿಗೂ ಕರೆ ಮಾಡಬೇಡಿ. ನಿಮ್ಮ ಹಳೆಯ ವಹಿಯಲ್ಲಿ ಇರುವ ನಂಬರಿಗೆ ಕರೆ ಮಾಡಿ, ಪರಿಚಿತ ದನಿಯನ್ನು ಕೇಳಿ ಖಚಿತಪಡಿಸಿಕೊಳ್ಳಿ. ಆರ್‌ಟಿಜಿಎಸ್, ನೆಫ್ಟ್ ಮಾಡುವಾಗ ಹಣ ಪಡೆಯುವವರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಅದನ್ನು ಬಳಸಿ. ಹೆಸರು ಹೊಂದದಿದ್ದರೆ ನಿಲ್ಲಿಸಿ. ವಿದೇಶದ ಖಾತೆಗೆ ಈ ಅನುಕೂಲ ಇಲ್ಲದಿರುವುದರಿಂದ ಅಲ್ಲಿ ಫೋನ್ ಕರೆಯೇ ಗತಿ.

ಕೆಲಸ ಹುಡುಕುವವರಿಗೆ ಬರುವ ಇಮೇಲುಗಳ ಬಗ್ಗೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅವು ಕಿತ್ತುಕೊಳ್ಳುವುದು ಸಾಲ ಮಾಡಿ ತಂದ ಹಣವನ್ನು. "ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಆಯ್ಕೆಯಾಗಿದ್ದೀರಿ" ಎಂಬ ಲಾಂಛನ, ಮೊಹರುಗಳಿರುವ ಪತ್ರ. ಮೊದಲು ನೋಂದಣಿ ಶುಲ್ಕ, ಆಮೇಲೆ ಸಮವಸ್ತ್ರದ ಹಣ, ಆಮೇಲೆ 'ಮರಳಿ ಸಿಗುವ' ಠೇವಣಿ. ಪ್ರತಿ ಮೊತ್ತವೂ ಹಿಂದಿನದಕ್ಕಿಂತ ಸ್ವಲ್ಪ ದೊಡ್ಡದು. ಇಷ್ಟು ಕೊಟ್ಟಾಗಿದೆಯಲ್ಲ, ಇನ್ನೊಂದಿಷ್ಟು ಕೊಟ್ಟರೆ ಕೆಲಸವೇ ಸಿಗುತ್ತದಲ್ಲ ಎಂಬ ಆಸೆಯೇ ಅವರ ಬಂಡವಾಳ. ಸರ್ಕಾರಿ ನೇಮಕಾತಿಯ ಆಯ್ಕೆ ಪಟ್ಟಿ ಕೆಪಿಎಸ್‌ಸಿ, ಕೆಇಎಯಂಥ ಸಂಸ್ಥೆಗಳ ಅಧಿಕೃತ ತಾಣದಲ್ಲಿ ಪ್ರಕಟವಾಗುತ್ತದೆ. ಅಲ್ಲಿ ಹೆಸರಿಲ್ಲದೆ ಇಮೇಲಿನಲ್ಲಿ ಮಾತ್ರ ಆಯ್ಕೆಯಾಗಿರಲು ಸಾಧ್ಯವಿಲ್ಲ. ಗಲ್ಫ್ ದೇಶಗಳ ಕೆಲಸವಾದರೆ ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿ. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೂ ಮಿತಿಯಿದೆ, 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್‌ಗಳಲ್ಲಿ 'ಡೇಟಾ ಎಂಟ್ರಿ' ಕೆಲಸ ಎಂದು ಕರೆಸಿಕೊಂಡು, ಪಾಸ್‌ಪೋರ್ಟ್ ಕಿತ್ತುಕೊಂಡು, ಇಂಥದ್ದೇ ಮೋಸದ ಸಂದೇಶಗಳನ್ನು ಕಳುಹಿಸಲು ಭಾರತೀಯ ಯುವಕರನ್ನು ಕೂರಿಸಿದ್ದ ಪ್ರಕರಣಗಳು ಬೆಳಕಿಗೆ ಬಂದಿವೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ತೆರಿಗೆ ಮರುಪಾವತಿ ಬಂದಿದೆ, ಲಿಂಕ್ ಒತ್ತಿ ಎಂಬ ಇಮೇಲ್: ಇಲಾಖೆ ಇಮೇಲಿನಲ್ಲಿ ಪಿನ್, ಪಾಸ್‌ವರ್ಡ್, ಕಾರ್ಡಿನ ವಿವರ ಕೇಳುವುದಿಲ್ಲ. ಪ್ಯಾನ್ 2.0 ಯೋಜನೆ ಬಂದ ಮೇಲೆ 'ಇ-ಪ್ಯಾನ್ ಇಳಿಸಿಕೊಳ್ಳಿ' ಎಂಬ ಖೊಟ್ಟಿ ಇಮೇಲುಗಳ ಬಗ್ಗೆ ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಸಂಸ್ಥೆ ಪಿಐಬಿ ಎಚ್ಚರಿಕೆ ಕೊಟ್ಟಿದೆ. ಸಿಬಿಐ ಹೆಸರಿನಲ್ಲಿ, ಸೈಬರ್ ಪೊಲೀಸರ ಹೆಸರಿನಲ್ಲಿ 'ನೀವು ಅಶ್ಲೀಲ ಚಿತ್ರ ನೋಡಿದ್ದೀರಿ, 24 ಗಂಟೆಯೊಳಗೆ ಉತ್ತರಿಸದಿದ್ದರೆ ಬಂಧನ' ಎಂಬ ಪಿಡಿಎಫ್ ಬಂದರೆ ಉತ್ತರಿಸಬೇಡಿ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. "ನಿನ್ನ ಕ್ಯಾಮೆರಾದಿಂದ ವಿಡಿಯೊ ತೆಗೆದಿದ್ದೇನೆ, ಬಿಟ್‌ಕಾಯಿನ್ ಕಳುಹಿಸು" ಎಂಬ ಬೆದರಿಕೆಯಲ್ಲಿ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಬರೆದಿರುತ್ತಾರೆ. ಅದು ಎಂದೋ ಸೋರಿಕೆಯಾದ ಪಟ್ಟಿಯಿಂದ ಎತ್ತಿದ್ದು, ವಿಡಿಯೊ ಇರುವುದಿಲ್ಲ. ಆ ಪಾಸ್‌ವರ್ಡ್ ಇನ್ನೂ ಎಲ್ಲಾದರೂ ಬಳಕೆಯಲ್ಲಿದ್ದರೆ ಇವತ್ತೇ ಬದಲಿಸಿ, ಇಮೇಲನ್ನು ಅಳಿಸಿ, ನಿದ್ದೆ ಮಾಡಿ.

ಹೆಜ್ಜೆ 4: ಲಗತ್ತುಗಳು

ಹೆಸರಿನ ಕೊನೆಯಲ್ಲಿ 'ಎಪಿಕೆ' (.apk) ಎಂದಿರುವ, ಅಂದರೆ ಆ್ಯಪ್ ಕೂರಿಸುವ ಫೈಲನ್ನು ಯಾರೇ ಕಳುಹಿಸಿರಲಿ ತೆರೆಯಬೇಡಿ. ಮದುವೆ ಆಮಂತ್ರಣ, ಆರ್‌ಟಿಒ ದಂಡದ ಚಲನ್, ಪಿಎಂ ಕಿಸಾನ್ ಕಂತು ಎಂಬ ಹೆಸರುಗಳಲ್ಲಿ ಅದು ಓಡಾಡುತ್ತದೆ. ಒಮ್ಮೆ ಫೋನಿನಲ್ಲಿ ಕುಳಿತರೆ ನಿಮಗೆ ಬರುವ ಒಟಿಪಿಗಳನ್ನೆಲ್ಲ ಕಳ್ಳನಿಗೆ ದಾಟಿಸುತ್ತದೆ. ಮದುವೆಯ ಆಮಂತ್ರಣ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಅದನ್ನು ಫೋನಿನಲ್ಲಿ 'ಇನ್‌ಸ್ಟಾಲ್' ಮಾಡಬೇಕಾಗಿ ಬಂದರೆ ಅದು ಆಮಂತ್ರಣವಲ್ಲ. 'ಎಚ್‌ಟಿಎಮ್‌ಎಲ್' ಎಂದು ಮುಗಿಯುವ ಲಗತ್ತು ತೆರೆದಾಗ ಗೂಗಲ್‌ನದೇ ಎಂಬಂಥ ಪಾಸ್‌ವರ್ಡ್ ಪುಟ ಕಾಣಿಸಿದರೆ ಮುಚ್ಚಿಬಿಡಿ.

ಹೆಜ್ಜೆ 5: ಬೇಡದ ಇಮೇಲುಗಳನ್ನು ಹತೋಟಿಗೆ ತರುವುದು

ಮೋಸದ ಇಮೇಲ್ ಬೇರೆ, ಬರೀ ಕಿರಿಕಿರಿಯ ಇಮೇಲ್ ಬೇರೆ. ಹೈದರಾಬಾದಿಗೆ ಒಮ್ಮೆ ಬಸ್ ಟಿಕೆಟ್ ಕಾದಿರಿಸಿದ್ದಕ್ಕೆ ವರ್ಷವಿಡೀ ರಿಯಾಯಿತಿಯ ಇಮೇಲ್ ಕಳುಹಿಸುವವನು ಕಳ್ಳನಲ್ಲ, ಬೇಸರ ತರಿಸುವವನು ಅಷ್ಟೇ. ಆದರೂ ಈ ಕಸವನ್ನು ತೆಗೆಯದೆ ಬಿಟ್ಟರೆ ಎರಡು ನಷ್ಟ. ಮುಖ್ಯವಾದದ್ದು ಅದರಡಿ ಹೂತುಹೋಗುತ್ತದೆ. ಮತ್ತು ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗ ಫೋಟೊ, ಡ್ರೈವ್, ಇಮೇಲ್ ಮೂರಕ್ಕೂ ಸೇರಿ ಇರುವುದರಿಂದ, ಅದು ತುಂಬಿದ ಮೇಲೆ ಹೊಸ ಇಮೇಲುಗಳು ಬರುವುದೇ ನಿಲ್ಲಬಹುದು.

ಪರಿಚಿತ ಕಂಪನಿಯದಾದರೆ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ದೊಡ್ಡ ಪ್ರಮಾಣದಲ್ಲಿ ಪ್ರಚಾರದ ಇಮೇಲ್ ಕಳುಹಿಸುವವರು ಒಂದೇ ಒತ್ತಿನಲ್ಲಿ ಬಿಡುಗಡೆ ಕೊಡಬೇಕು ಎಂಬ ನಿಯಮವನ್ನು ಗೂಗಲ್ ಮತ್ತು ಯಾಹೂ 2024ರಲ್ಲಿ ತಂದ ಮೇಲೆ ಇದು ಕೆಲಸ ಮಾಡುತ್ತದೆ. ಆದರೆ ಜಿಮೇಲ್ ತಾನೇ ಮೇಲ್ಗಡೆ ತೋರಿಸುವ ಬಟನ್ ಒತ್ತಿ. ಅಪರಿಚಿತ ಇಮೇಲಿನ ಕೆಳಭಾಗದಲ್ಲಿ ಸಣ್ಣಕ್ಷರದಲ್ಲಿ ಇರುವ ಅದೇ ಹೆಸರಿನ ಲಿಂಕ್ ಬೇಡ, ಅದನ್ನು ಒತ್ತುವುದೆಂದರೆ 'ಈ ವಿಳಾಸದಲ್ಲಿ ಜನ ಇದ್ದಾರೆ' ಎಂದು ಕಳ್ಳನಿಗೆ ಉತ್ತರ ಕೊಟ್ಟಂತೆ. ಅಪರಿಚಿತರದಕ್ಕೆ 'ರಿಪೋರ್ಟ್ ಸ್ಪ್ಯಾಮ್', ಪಾಸ್‌ವರ್ಡ್ ಕದಿಯಲು ಬಂದದ್ದಕ್ಕೆ 'ರಿಪೋರ್ಟ್ ಫಿಶಿಂಗ್'. ಬರೀ ಅಳಿಸಿದರೆ ಜಿಮೇಲ್ ಏನನ್ನೂ ಕಲಿಯುವುದಿಲ್ಲ, ನಾಳೆ ಮತ್ತೆ ಬರುತ್ತದೆ. 2025ರಲ್ಲಿ ಬಂದ 'ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್' ಎಂಬ ಪಟ್ಟಿ ನಿಮ್ಮ ಜಿಮೇಲಿನ ಬದಿಯಲ್ಲಿ ಕಾಣುತ್ತಿದ್ದರೆ ಕೆಲಸ ಇನ್ನೂ ಸುಲಭ, ಯಾರು ಎಷ್ಟು ಕಳುಹಿಸುತ್ತಿದ್ದಾರೆ ಎಂದು ಒಂದೇ ಕಡೆ ನೋಡಿ ಒಬ್ಬೊಬ್ಬರನ್ನೇ ಕಳಚಬಹುದು.

ತಿಂಗಳಿಗೆ ಕೆಲವು ಸಲವಾದರೂ ಸ್ಪ್ಯಾಮ್ ಪೆಟ್ಟಿಗೆಯ ಮೇಲೆ ಕಣ್ಣಾಡಿಸಿ. ಸಂದರ್ಶನದ ಕರೆ ಅಲ್ಲಿ ಹೋಗಿ ಬಿದ್ದಿರುವುದುಂಟು. 30 ದಿನಗಳಾದ ಮೇಲೆ ಅದು ತಾನಾಗಿಯೇ ಅಳಿಸಿಹೋಗುತ್ತದೆ. ನಿಮಗೆ ಬೇಕಾದವರ ಇಮೇಲ್ ಎಂದೂ ಅಲ್ಲಿಗೆ ಹೋಗಬಾರದೆಂದರೆ ಫಿಲ್ಟರ್ ಮಾಡಬೇಕು. ಅದು ಫೋನಿನ ಆ್ಯಪಿನಲ್ಲಿ ಆಗುವುದಿಲ್ಲ, ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಹುಡುಕುವ ಪೆಟ್ಟಿಗೆಯ ಬಲತುದಿಯ ಗುರುತನ್ನು ಒತ್ತಿ, ಕಳುಹಿಸುವವರ ವಿಳಾಸ ಹಾಕಿ 'ಕ್ರಿಯೇಟ್ ಫಿಲ್ಟರ್', ಆಮೇಲೆ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಆರಿಸಿ.

ಇವೆಲ್ಲಕ್ಕಿಂತ ಮೇಲು ಎರಡು ವಿಳಾಸ ಇಟ್ಟುಕೊಳ್ಳುವುದು. ಬ್ಯಾಂಕು, ತೆರಿಗೆ, ನೇಮಕಾತಿಗೆ ಒಂದು. ಶಾಪಿಂಗ್, ಆಟದ ಆ್ಯಪು, ಬಟ್ಟೆ ಅಂಗಡಿಯವರು ಬಿಲ್ಲು ಮಾಡುವಾಗ ಕೇಳುವ ವಿಳಾಸಕ್ಕೆ ಇನ್ನೊಂದು. ಎರಡನೆಯದಕ್ಕೆ 'ನಿಮ್ಮ ಬ್ಯಾಂಕ್ ಖಾತೆ ಸ್ಥಗಿತವಾಗಿದೆ' ಎಂಬ ಇಮೇಲ್ ಬಂದರೆ ಓದುವ ಮೊದಲೇ ಅದು ಸುಳ್ಳೆಂದು ಗೊತ್ತಾಗುತ್ತದೆ, ಬ್ಯಾಂಕಿಗೆ ಆ ವಿಳಾಸ ಕೊಟ್ಟೇ ಇಲ್ಲವಲ್ಲ.

ಹೆಜ್ಜೆ 6: ಎಸ್‌ಎಂಎಸ್, ಕರೆಗಳು

ಪ್ರಚಾರದ ಎಸ್‌ಎಂಎಸ್, ಕರೆಗಳನ್ನು ಪೂರ್ತಿ ನಿಲ್ಲಿಸಲು ಇಂಗ್ಲಿಷಿನಲ್ಲಿ 'ಸ್ಟಾರ್ಟ್' ಎಂದು ಬರೆದು, ಒಂದು ಅಂತರ ಬಿಟ್ಟು 0 ಹಾಕಿ 1909ಕ್ಕೆ ಕಳುಹಿಸಿ, ಅಥವಾ ಅದೇ ನಂಬರಿಗೆ ಕರೆ ಮಾಡಿ. ಕಂಪನಿಗಳಿಂದ ಬರುವ ಎಸ್‌ಎಂಎಸ್‌ನ ಹೆಸರಿನ ಕೊನೆಯಲ್ಲಿ ಈಗ ಒಂದು ಅಕ್ಷರ ಇರುತ್ತದೆ: 'ಪಿ' ಎಂದರೆ ಪ್ರಚಾರ, 'ಎಸ್' ಸೇವೆ, 'ಟಿ' ವಹಿವಾಟು, 'ಜಿ' ಸರ್ಕಾರ. "ಬಿಲ್ ಕಟ್ಟಿಲ್ಲ, ಇಂದು ರಾತ್ರಿ 9.30ಕ್ಕೆ ವಿದ್ಯುತ್ ಕಡಿತ, ಈ ಅಧಿಕಾರಿಗೆ ಕರೆ ಮಾಡಿ" ಎಂಬ ಸಂದೇಶ ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಬಂದರೆ ಅದು ನಮ್ಮ ವಿದ್ಯುತ್ ಕಂಪನಿ ಜೆಸ್ಕಾಂನದಲ್ಲ. ಬಿಲ್ಲನ್ನು ಜೆಸ್ಕಾಂ ಕೌಂಟರಿನಲ್ಲೋ ಅಧಿಕೃತ ತಾಣದಲ್ಲೋ ನೋಡಿಕೊಳ್ಳಿ. ಇಂಥ ಕರೆ, ಎಸ್‌ಎಂಎಸ್, ವಾಟ್ಸ್‌ಆ್ಯಪ್ ಸಂದೇಶಗಳ ಬಗ್ಗೆ ಹಣ ಕಳೆದುಕೊಳ್ಳುವ ಮೊದಲೇ ದೂರು ಕೊಡಲು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ 'ಚಕ್ಷು' ಎಂಬ ವಿಭಾಗವಿದೆ.

ಹೆಜ್ಜೆ 7: ಕೈ ಮೀರಿದಾಗ

ಹಣ ಹೋಗಿದ್ದರೆ ಮೊದಲ ಕರೆ 1930ಕ್ಕೆ. ಮನೆಯವರಿಗೆ ಹೇಳುವುದು, ಬೈಸಿಕೊಳ್ಳುವುದು ಆಮೇಲೆ. ಹಣ ಕಳ್ಳರ ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ. ಅದು ನಗದಾಗುವ ಮೊದಲು ಎಲ್ಲಾದರೂ ತಡೆಹಿಡಿಯಲು ಸಾಧ್ಯವಾದರೆ ಮಾತ್ರ ಉಳಿಯುತ್ತದೆ. ಕರೆ ಮಾಡುವಾಗ ನಿಮ್ಮ ಖಾತೆ ಸಂಖ್ಯೆ, ವಹಿವಾಟಿನ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಕೂಡಲೇ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ 'ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್' ತಾಣದಲ್ಲಿ ಲಿಖಿತ ದೂರು, ಅಥವಾ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗುವುದು. ಮೋಸದ ಇಮೇಲನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಅದೇ ಸಾಕ್ಷ್ಯ. ಸ್ಕ್ರೀನ್‌ಶಾಟ್ ಜೊತೆಗೆ ಮೂಲ ಇಮೇಲೂ ಇರಬೇಕು. ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಶಿಕ್ಷೆಯಾಗುವ ಅಪರಾಧ.

ಬ್ಯಾಂಕಿಗೆ ಬೇಗ ತಿಳಿಸುವುದಕ್ಕೆ ಇನ್ನೊಂದು ಕಾರಣವಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ನೀವೇ ಒಟಿಪಿ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ಕೇಳುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448 ನಂಬರ್ ಇದೆ.

ಹಣ ಹೋಗದೆ ಇಮೇಲ್ ಪಾಸ್‌ವರ್ಡ್ ಮಾತ್ರ ಕೊಟ್ಟುಬಿಟ್ಟಿದ್ದರೆ ಮೊದಲನೆಯ ಹೆಜ್ಜೆಯನ್ನು ಪೂರ್ತಿ ಮತ್ತೊಮ್ಮೆ ಮಾಡಿ. ಅದರ ಮೇಲೆ, ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು 'ಫಾರ್ವರ್ಡಿಂಗ್' ಮತ್ತು 'ಫಿಲ್ಟರ್ಸ್' ಎಂಬ ಎರಡು ಪುಟಗಳನ್ನು ನೋಡಿ. ಕಳ್ಳ ಒಳಬಂದಾಗ ನಿಮ್ಮ ಎಲ್ಲ ಇಮೇಲಿನ ಒಂದೊಂದು ಪ್ರತಿ ತನಗೆ ಬರುವಂತೆ, ಬ್ಯಾಂಕಿನ ಎಚ್ಚರಿಕೆಗಳು ನಿಮಗೆ ಕಾಣದಂತೆ ಅಲ್ಲಿ ಏರ್ಪಾಡು ಮಾಡಿ ಹೋಗಿರುತ್ತಾನೆ. ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೆಯೇ ಉಳಿಯುತ್ತದೆ. ಅಡತಿ ಅಂಗಡಿ, ದಾಲ್ ಮಿಲ್‌ನವರು ಈ ಎರಡು ಪುಟಗಳನ್ನು ಏನೂ ಆಗದಿದ್ದರೂ ಆಗಾಗ ನೋಡುವುದು ಒಳ್ಳೆಯದು.

ದೂರು ಕೊಟ್ಟ ಕೆಲವು ವಾರಗಳ ನಂತರ "ನೀವು ಕಳೆದುಕೊಂಡ ಹಣ ಪತ್ತೆಯಾಗಿದೆ, ಬಿಡುಗಡೆಗೆ ಶೇಕಡಾ ಇಷ್ಟು ಶುಲ್ಕ ಕಟ್ಟಿ" ಎಂಬ ಇಮೇಲ್ ಬರುವ ಸಾಧ್ಯತೆ ಹೆಚ್ಚು. ವಕೀಲರ ಹೆಸರೋ, ಸೈಬರ್ ಅಧಿಕಾರಿಯ ಹೆಸರೋ ಇರುತ್ತದೆ, ನಿಮ್ಮಿಂದ ಹೋದ ಮೊತ್ತವನ್ನೂ ಸರಿಯಾಗಿ ಬರೆದಿರುತ್ತಾರೆ. ಒಮ್ಮೆ ಮೋಸ ಹೋದವರ ಪಟ್ಟಿಯನ್ನು ಈ ಜಾಲದವರು ತಮ್ಮತಮ್ಮಲ್ಲೇ ಮಾರಿಕೊಳ್ಳುತ್ತಾರೆ. ತಡೆಹಿಡಿದ ಹಣವನ್ನು ಮರಳಿ ಕೊಡಿಸಲು ಪೊಲೀಸರಾಗಲಿ ಬ್ಯಾಂಕಾಗಲಿ ಶುಲ್ಕ ಕೇಳುವುದಿಲ್ಲ. ಆ ಇಮೇಲನ್ನು ತನಿಖಾಧಿಕಾರಿಗೆ ತೋರಿಸಿ, ಹಳೆಯ ದೂರಿನ ಸಂಖ್ಯೆಯ ಜೊತೆಗೇ ಸೇರಿಸಲು ಹೇಳಿ.